ಎಫ್ ಕಾರ್ಡ್‌ನಲ್ಲೇ ನಿಂತುಹೋಗಿದ್ದೇನೆ. ಗಿಟಾರ್‌ಗೆ ಮೇಷ್ಟ್ರು ಬೇಕೇ ಬೇಕಾ?

ವಿಡಿಯೊ ನೋಡಿಕೊಂಡು ಸಿ, ಜಿ, ಡಿ, ಎ ಮೈನರ್ ಕಾರ್ಡ್‌ಗಳ (ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತಗಳ) ತನಕ ಬಂದಿದ್ದೀರಿ. ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸುವ ಎಫ್ ಹಿಡಿದರೆ ಮಾತ್ರ ತಂತಿಗಳು ಟಪ್ ಟಪ್ ಅನ್ನುತ್ತವೆ. ವಯಸ್ಸು ಮೂವತ್ತು ದಾಟಿದೆ, ಈಗ ಹೋಗಿ ಯಾರ ಹತ್ತಿರ ಬೈಸಿಕೊಳ್ಳುವುದು ಅಂತಲೂ ಕೇಳಿದ್ದೀರಿ. ಅನುಕೂಲ ಇದ್ದರೆ ಖಂಡಿತ ಒಬ್ಬರ ಹತ್ತಿರ ಹೋಗಿ. ಗುಂಪಿನಲ್ಲಿ ಬೇಡ, ನಿಮ್ಮೊಬ್ಬರಿಗೇ ಪಾಠ ಹೇಳುವವರು ಸಿಕ್ಕರೆ ಒಳ್ಳೆಯದು. ನಾನೂ ದೊಡ್ಡವನಾದ ಮೇಲೆಯೇ ಶುರು ಮಾಡಿದವನು.

ವಿಡಿಯೊದಲ್ಲಿರುವವರ ಕೈ ನಿಮಗೆ ಕಾಣುತ್ತದೆ, ನಿಮ್ಮ ಕೈ ಅವರಿಗೆ ಕಾಣುವುದಿಲ್ಲ. ಎಫ್‌ನಲ್ಲಿ ಇದೇ ದೊಡ್ಡ ತೊಡಕು. ನಾನು ಅದರ ಜೊತೆ ಗುದ್ದಾಡುತ್ತಿದ್ದಾಗ ನಮ್ಮ ಮೇಷ್ಟ್ರು "ಇನ್ನೂ ಗಟ್ಟಿಯಾಗಿ ಒತ್ತಿ" ಅನ್ನಲಿಲ್ಲ. ಪಕ್ಕದಲ್ಲಿ ಕೂತು ಮೊದಲು ನನ್ನ ಹೆಬ್ಬೆರಳು ನೋಡಿದರು. ಅದನ್ನು ಗಿಟಾರಿನ ಕತ್ತಿನ ಹಿಂದೆ, ಸುಮಾರು ನಡುಭಾಗಕ್ಕೆ ಇಳಿಸಿದರು. ತೋರುಬೆರಳನ್ನು ಸ್ವಲ್ಪ ಹೊರಳಿಸಿ, ಮೂಳೆ ಗಟ್ಟಿಯಾಗಿರುವ ಅಂಚು ತಂತಿಯ ಮೇಲೆ ಕೂರುವ ಹಾಗೆ ಮಾಡಿದರು. ಬೆರಳಿನ ಒಳಭಾಗ ಮೆತ್ತಗಿರುತ್ತದೆ, ಗೆಣ್ಣಿನ ಗೆರೆಯೊಳಗೆ ತಂತಿ ಹುದುಗಿ ಸದ್ದೇ ಬರುವುದಿಲ್ಲ. ಆಮೇಲೆ ಒಂದೊಂದೇ ತಂತಿ ಮೀಟಿಸಿ, "ಯಾವುದು ಮಾತಾಡ್ತಿಲ್ಲ, ನೀವೇ ಹೇಳಿ" ಅಂದರು.

ಅವತ್ತು ಅವರು ಹೇಳಿದ ಇನ್ನೊಂದು ವಿಷಯ ನಿಮಗೂ ಉಪಯೋಗಕ್ಕೆ ಬರಬಹುದು. ತೋರುಬೆರಳು ಆರೂ ತಂತಿಗಳ ಮೇಲೆ ಮಲಗಿರುತ್ತದೆ, ನಿಜ. ಆದರೆ (ತೀರಾ ತೆಳ್ಳಗಿನದು 1ನೇ ತಂತಿ, ತೀರಾ ದಪ್ಪದ್ದು 6ನೇದು) 3, 4, 5ನೇ ತಂತಿಗಳನ್ನು ಉಳಿದ ಬೆರಳುಗಳು ಒತ್ತಿರುತ್ತವೆ. ತೋರುಬೆರಳು ನುಡಿಸಬೇಕಾದದ್ದು 1, 2 ಮತ್ತು 6ನೇ ತಂತಿ, ಮೂರೇ ಮೂರು. ಇದು ಗೊತ್ತಾದ ಮೇಲೆ ಬೆರಳಿನ ನಡುಭಾಗವನ್ನು ಸುಮ್ನೆ ಹಿಸುಕುವುದು ನಿಂತಿತು. ಅದೇ ಹಿಡಿತವನ್ನು ಐದನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಒಯ್ದು ಹಿಡಿಸಿದರು, ಅಲ್ಲಿ ಅದು ಎ ಮೇಜರ್ ಆಗುತ್ತದೆ. ಮೊದಲ ಫ್ರೆಟ್‌ನಲ್ಲಿ ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಪಕ್ಕದಲ್ಲೇ ಇರುವುದರಿಂದ ತಂತಿ ಬಗ್ಗುವುದು ಕಷ್ಟ. ಐದರಲ್ಲಿ ಸಲೀಸು. ಅಲ್ಲಿ ಸದ್ದು ಚೆನ್ನಾಗಿ ಬಂದ ಮೇಲೆ ನಾಲ್ಕು, ಮೂರು ಅಂತ ನಿಧಾನವಾಗಿ ಕೆಳಗೆ ತಂದರು.

ಬೆನ್ನಿಗೆ ನಿಲ್ಲುವ ಮೇಷ್ಟ್ರು ಅಂದರೆ ನನ್ನ ಲೆಕ್ಕದಲ್ಲಿ ಇದು. ಮಾತು ಮಾತಿಗೂ ಶಭಾಷ್ ಅನ್ನುವವರಲ್ಲ. ಕಷ್ಟವಾದದ್ದನ್ನು ನಿಮ್ಮ ಕೈಗೆ ಎಟುಕುವಷ್ಟು ಚಿಕ್ಕದು ಮಾಡಿಕೊಡುವವರು. ಅವರು ನನ್ನ ಗಿಟಾರನ್ನೂ ಕೈಗೆ ತೆಗೆದುಕೊಂಡು ನೋಡಿದರು. ತಂತಿಗಳು ಫ್ರೆಟ್‌ನಿಂದ ಜಾಸ್ತಿ ಮೇಲಿದ್ದರೆ, ಅಂದರೆ ಆಕ್ಷನ್ ಎತ್ತರವಿದ್ದರೆ, ಎಂಥವರಿಗೂ ಎಫ್ ಕಷ್ಟ. ನಿಮ್ಮದು ಸ್ಟೀಲ್ ತಂತಿಯ ಗಿಟಾರ್ ಆದರೆ 0.012 ಇಂಚಿನ ಸೆಟ್ (ತೀರಾ ತೆಳ್ಳಗಿನ ತಂತಿಯ ದಪ್ಪ ಇದು) ಬದಲು 0.010ರ ಸೆಟ್ ಹಾಕಿಸಿದರೂ ಬೆರಳಿಗೆ ಎಷ್ಟೋ ಹಗುರ.

ಬೈಸಿಕೊಳ್ಳುವ ಭಯದ ಬಗ್ಗೆ. ಕೆಲಸದ ಗಲಾಟೆಯಲ್ಲಿ ಒಂದು ವಾರ ಗಿಟಾರ್ ಮುಟ್ಟಲೇ ಆಗದಿದ್ದರೆ, ನಮ್ಮ ಮೇಷ್ಟ್ರು "ಪರವಾಗಿಲ್ಲ, ಬನ್ನಿ, ಇವತ್ತು ಇಲ್ಲೇ ಅಭ್ಯಾಸ ಮಾಡೋಣ" ಅನ್ನುತ್ತಿದ್ದರು. ಆ ಒಂದು ಮಾತಿನಿಂದಲೇ ನಾನು ಕ್ಲಾಸ್ ಬಿಡಲಿಲ್ಲ ಅಂತ ಈಗಲೂ ನಂಬಿದ್ದೇನೆ. ದೊಡ್ಡವರು ಕಲಿಯುವುದು ಬಿಡುವುದು ಬೆರಳು ಬಗ್ಗದೆ ಅಲ್ಲ, ನಾಚಿಕೆಯಿಂದ. ಹಾಗಾಗಿ ನಿಮ್ಮ ಮುಂದೆ ನಗಾಡುವವರು, ಬೇರೆ ಮಕ್ಕಳ ಜೊತೆ ಹೋಲಿಸುವವರು ಸಿಕ್ಕರೆ, ಅವರು ಎಷ್ಟೇ ಚೆನ್ನಾಗಿ ನುಡಿಸಲಿ, ಬೇರೆಯವರನ್ನು ಹುಡುಕಿ.

ಸೇರುವ ಮುಂಚೆ ಒಂದು ಕ್ಲಾಸ್ ಕೂತು ನೋಡಬಹುದಾ ಅಂತ ಕೇಳಿ. ಆ ಹೊತ್ತಿನಲ್ಲಿ ಗಿಟಾರ್ ಜಾಸ್ತಿ ಯಾರ ಕೈಯಲ್ಲಿತ್ತು, ಅವರದೋ ನಿಮ್ಮದೋ? ನಿಮಗೆ ಯಾವ ಹಾಡು ನುಡಿಸುವ ಆಸೆ ಅಂತ ಕೇಳಿದರಾ? ಮನೆಗೆ ಕೊಟ್ಟ ಅಭ್ಯಾಸ ಸಣ್ಣದಾಗಿ, ಸ್ಪಷ್ಟವಾಗಿ ಇತ್ತಾ? ಉದಾಹರಣೆಗೆ, ಎ ಮೈನರ್‌ನಿಂದ ಸಿಗೆ ಹೋಗುವಾಗ ಎರಡು ಬೆರಳು ಇದ್ದಲ್ಲೇ ಇರುತ್ತವೆ, ಉಂಗುರದ ಬೆರಳು ಮಾತ್ರ ಮೂರನೇ ತಂತಿಯಿಂದ ಐದನೇ ತಂತಿಗೆ ಹೋಗುತ್ತದೆ. ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ನಾಲ್ಕು ಬಡಿತಕ್ಕೊಮ್ಮೆ ಇದನ್ನಷ್ಟೇ ಬದಲಿಸಿ ಅಂದರೆ ಮನೆಯಲ್ಲಿ ಏನು ಮಾಡಬೇಕು ಅಂತ ಗೊಂದಲವೇ ಇರುವುದಿಲ್ಲ, ಅಲ್ವಾ? ದಿನಾ 15 ನಿಮಿಷ ಹೀಗೆ ಕೂತರೆ, ಭಾನುವಾರ ಒಂದೇ ಸಲ ಎರಡು ಗಂಟೆ ಕೂರುವುದಕ್ಕಿಂತ ಒಳ್ಳೆಯದು.

ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದಂತೆ ಹೋಗುತ್ತದೆ. ಮಣಿಕಟ್ಟು ಅಥವಾ ಮುಂಗೈ ನೋಯುತ್ತಿದ್ದರೆ ಮಾತ್ರ ಸಹಿಸಿಕೊಂಡು ನುಡಿಸಬೇಡಿ, ನಿಲ್ಲಿಸಿ ಮೇಷ್ಟ್ರಿಗೆ ತೋರಿಸಿ. ವಿಡಿಯೊಗಳನ್ನು ಬಿಡಬೇಕಿಲ್ಲ, ಹೊಸ ಹಾಡು ಹುಡುಕಲು ಅವು ಇರಲಿ. ಮೊದಲ ಕ್ಲಾಸ್‌ಗೆ ಹೋದಾಗ ಚೆನ್ನಾಗಿ ಬರುವುದನ್ನು ನುಡಿಸಿ ತೋರಿಸಬೇಡಿ. ಆ ಎಫ್ ಅನ್ನೇ, ಈಗ ಹೇಗೆ ಬರುತ್ತದೋ ಹಾಗೇ ಹಿಡಿದು ತೋರಿಸಿ.