ಹಾಲು ಸುರಿಯುವವಳು, ಆಲೂಗಡ್ಡೆ ತಿನ್ನುವವರು: ಯಾವುದನ್ನು ಮೊದಲು ನಕಲು ಮಾಡೋದು?

ವರ್ಮಿಯರ್‌ನ ‘ಹಾಲು ಸುರಿಯುವವಳು’ (The Milkmaid), ವ್ಯಾನ್ ಗೋನ ‘ಆಲೂಗಡ್ಡೆ ತಿನ್ನುವವರು’ (The Potato Eaters): ಎರಡೂ ಡಚ್ಚರ ಮನೆಯೊಳಗಿನ ಚಿತ್ರ, ಎರಡರಲ್ಲೂ ಊಟದ ಸಂಗತಿಯೇ. ಆದರೂ ವರ್ಮಿಯರ್‌ದು ತಣ್ಣಗಿದೆ, ವ್ಯಾನ್ ಗೋದು ಕೊಳೆಕೊಳೆಯಾಗಿ ಕಾಣುತ್ತೆ, ಅಭ್ಯಾಸಕ್ಕೆ ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ. ಒಂದು ಹಗಲು, ಒಂದು ರಾತ್ರಿ, ವ್ಯತ್ಯಾಸ ಅಷ್ಟೇ ಅಂತ ಹೇಳೋರಿದ್ದಾರೆ. ನಿಜ, ಆದರೆ ಕುಂಚ ಹಿಡಿದವರಿಗೆ ಅಷ್ಟು ಸಾಲದು. ನನಗೆ ಕಂಡ ಹಾಗೆ ವ್ಯತ್ಯಾಸದ ಗುಟ್ಟು ಬಿಳಿಯಲ್ಲಿದೆ.

ವರ್ಮಿಯರ್‌ನ ಗೋಡೆ ನೋಡಿ. ಬಿಳಿ ಗೋಡೆ ಅಂತೀವಿ, ಆದರೆ ಕಿಟಕಿ ಇರುವ ಎಡಬದಿಯಲ್ಲೇ ಅದು ಮಬ್ಬು, ಬಲಕ್ಕೆ ಹೋದಂತೆ ಬೆಳಕು. ಹಾಗಾಗಿ ಹಾಲು ಸುರಿಯುವವಳ ಬೆಳಗಿದ ಮುಖ ಮಬ್ಬಿನ ಮೇಲೆ ಬರುತ್ತೆ, ನೆರಳಾದ ಬೆನ್ನು ಬೆಳಕಿನ ಮೇಲೆ ಬರುತ್ತೆ. ಅದೂ ಸಾಲದೆ ಆಕೆಯ ಆಕೃತಿಯ ಬಲಬದಿಯ ಅಂಚಿಗೆ ಸಣ್ಣದೊಂದು ಬಿಳಿ ಗೆರೆ ಎಳೆದಿದ್ದಾನೆ. ಕಣ್ಣಿಗೆ ಬೀಳಲ್ಲ, ಕೆಲಸ ಮಾತ್ರ ಮಾಡುತ್ತೆ. ಗೋಡೆಗೊಂದು ಮೊಳೆ, ಆ ಮೊಳೆಗೂ ನೆರಳು! ಇಷ್ಟೆಲ್ಲ 45.5 × 41 ಸೆಂ.ಮೀ. ಕ್ಯಾನ್ವಾಸಿನಲ್ಲಿ.

ವ್ಯಾನ್ ಗೋದು 82 × 114 ಸೆಂ.ಮೀ. ಫೋನಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಈ ಅಳತೆ ಗೊತ್ತಾಗಲ್ಲ. 1885ರಲ್ಲಿ ನೆದರ್ಲೆಂಡ್ಸಿನ ನ್ಯೂನೆನ್ ಹಳ್ಳಿಯಲ್ಲಿ ಬರೆದದ್ದು, ಅದಕ್ಕೂ ಮೊದಲು ಚಳಿಗಾಲವಿಡೀ ರೈತರ ಮುಖಗಳ ಅಭ್ಯಾಸ. ಮುಖಗಳಿಗೆ ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣ ಬೇಕು ಅಂತ ತಮ್ಮ ಥಿಯೋಗೆ ಆತನೇ ಬರೆದಿದ್ದಾನೆ. ಅಂದರೆ ಕೊಳೆ ಅಂತ ನಿಮಗನ್ನಿಸಿದ್ದು ತಪ್ಪಿ ಆದದ್ದಲ್ಲ. ನಮಗೆ ಬೇಕಾದ ಮಾತು ಇನ್ನೊಂದಿದೆ: ಈ ಚಿತ್ರದಲ್ಲಿ ಬಿಳಿ ಬಣ್ಣ ಬಳಸಿದ್ದೇ ತೀರಾ ಕಡಿಮೆಯಂತೆ. ವರ್ಮಿಲಿಯನ್ ಕೆಂಪು, ಪ್ರಷ್ಯನ್ ನೀಲಿ, ನೇಪಲ್ಸ್ ಹಳದಿ ಕಲಸಿದ ಬೂದು, ಸುತ್ತಲಿನ ಕತ್ತಲಿಗೆ ಬಿಳಿಯಾಗಿ ಕಾಣುತ್ತೆ. ಇದು ಗೊತ್ತಿಲ್ಲದೆ ನಾನು ಹೆಂಗಸರ ಟೋಪಿಗೆ ಟೈಟಾನಿಯಂ ವೈಟ್ ನೇರವಾಗಿ ಬಳಿದಿದ್ದೆ. ತಲೆಮೇಲೆ ಟ್ಯೂಬ್‌ಲೈಟ್ ಕಟ್ಟಿದ ಹಾಗಾಗಿತ್ತು, ಮನೆಯವರು ಇಂದಿಗೂ ಆಡಿಕೊಳ್ತಾರೆ.

ಹಾಗಾಗಿ ಮೊದಲು ವ್ಯಾನ್ ಗೋ ಹಿಡಿಯಿರಿ. ಐದೂ ಜನ ಬೇಡ, ಒಂದು ಮುಖ, ಇಲ್ಲವೇ ತಟ್ಟೆಗೆ ಚಾಚಿದ ಎರಡು ಕೈ ಸಾಕು. ಕ್ಯಾನ್ವಾಸಿಗೆ ಅಂಬರ್ (umber, ಮಣ್ಣಿನ ಕಂದು ಬಣ್ಣ) ತೆಳುವಾಗಿ ಬಳಿದು ಒಣಗಿಸಿ, ಬಿಳಿ ಟ್ಯೂಬನ್ನು ಮುಚ್ಚಿಟ್ಟು ಬೂದು ಕಲಸಿ. ಕೈಬೆರಳು ಸೊಟ್ಟಗಾದರೂ ಚಿಂತೆಯಿಲ್ಲ, ಅಲ್ಲಿರೋವೂ ಸೊಟ್ಟಗೇ ಇವೆ.

ವರ್ಮಿಯರ್‌ನಲ್ಲಿ ಅಂಥ ಮಾಫಿ ಇಲ್ಲ. ಅಂಚು ಒಂದು ಕೂದಲೆಳೆ ಆಚೀಚೆ ಆದರೂ ಹಾಲಿನ ಧಾರೆ ಕೋಲಾಗಿಬಿಡುತ್ತೆ. ಆಮೇಲೆ ಬೇಕಾದರೆ ಬ್ರೆಡ್ಡಿನ ಬುಟ್ಟಿಯಷ್ಟೇ ಮಾಡಿ. ಅದರ ಮೇಲಿನ ಬೆಳಕಿನ ಚುಕ್ಕಿಗಳನ್ನು ಕೆಳಪದರ ಒಣಗಿದ ಮೇಲೆ, ದಪ್ಪ ಬಣ್ಣದಲ್ಲಿ, ಕೊನೆಗೆ ಇಡಿ. ಹಸಿಯಲ್ಲಿ ಇಟ್ಟರೆ ಕಲಸಿಹೋಗಿ ಬ್ರೆಡ್ಡಿಗೆ ಬೂಷ್ಟು ಹಿಡಿದಂತೆ ಕಾಣುತ್ತೆ.