ಗುಡ್ಡದ ಬುಡ ಕಡಿಯುವ ಮುನ್ನ

‘ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಹೆದ್ದಾರಿಗೆ ಅಡ್ಡ ನಿಲ್ಲುವವರನ್ನು ನೀವು ಹೊಗಳುವುದೇಕೆ?’
– ಓದುಗರೊಬ್ಬರು, ಕುಮಟಾ

ನಿಮ್ಮ ಸಂಕಟ ನಿಜ. ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬರುವ ತನಕ ರಸ್ತೆಯೇ ಗತಿ. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಮುಚ್ಚಿಹೋದದ್ದು ಇದೇ ರಾಷ್ಟ್ರೀಯ ಹೆದ್ದಾರಿ 66 ಅಲ್ಲವೇ? ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳು ಹೋದವು. ನದಿಪಾಲಾದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಕರಾವಳಿಯ ಹಲವು ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಅಡಿಯಲ್ಲಿ ಜೇಡಿಯಂಥ ಶೇಡಿಮಣ್ಣು. ಮಳೆನೀರು ಚಿರೆಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ನೆನೆಸುತ್ತದೆ. ಒಣಗಿದಾಗ ಗಟ್ಟಿಯಿರುವ ಈ ಮಣ್ಣು ನೆನೆದರೆ ಜಾರುತ್ತದೆ. ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಇಳಿಜಾರಿಗೆ ಆನಿಕೆಯಾಗಿದ್ದ ಮಣ್ಣೇ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಪ್ರತಿ ಮೆಟ್ಟಿಲಿನ ಒಳಬದಿಗೆ ಚರಂಡಿ ಇರಬೇಕು, ನೆತ್ತಿಯ ನೀರನ್ನು ಪಕ್ಕಕ್ಕೆ ತಿರುಗಿಸಬೇಕು, ತಡೆಗೋಡೆಯಲ್ಲಿ ನೀರು ಸೋರಲು ಕಿಂಡಿ ಬಿಡಬೇಕು. ಇದಕ್ಕೆಲ್ಲ ಜಾಗ ಬೇಕು, ದುಡ್ಡು ಬೇಕು. ಉಳಿತಾಯ ಮಾಡಹೊರಡುವುದೂ ಇಲ್ಲಿಯೇ.

ಹೊಳೆಬಾಯಿಯಲ್ಲಿ ಇನ್ನೊಂದು ಬಗೆಯ ತಪ್ಪು. ಅಘನಾಶಿನಿಯ ಗಜನಿಗಳಲ್ಲಿ, ಅಂದರೆ ಹೊಳೆಬಾಯಿಯ ಉಪ್ಪುನೀರಿನ ಗದ್ದೆಗಳಲ್ಲಿ, ಉಬ್ಬರ ಇಳಿತದ ನೀರು ಆಡಿದರಷ್ಟೇ ಸಿಗಡಿ, ಬಳಚು ಎಂಬ ಚಿಪ್ಪುಮೀನು, ಕಾಂಡ್ಲಾ ಗಿಡ ಬದುಕುತ್ತವೆ. ಅಂಥ ಕಡೆ ಮಣ್ಣು ತುಂಬಿ, ಅದರಡಿಯಲ್ಲಿ ಒಂದೆರಡು ಸಿಮೆಂಟ್ ಪೈಪು ಹೂತರೆ ಹೂಳು ಕಟ್ಟಿ ನೀರಿನ ಓಡಾಟ ನಿಲ್ಲುತ್ತದೆ. ಕಂಬಗಳ ಮೇಲೆ ರಸ್ತೆ ಹೋಗಲಿ ಎನ್ನುವವರನ್ನು ರಸ್ತೆಯ ವೈರಿಗಳೆನ್ನುವುದು ಅನ್ಯಾಯ.

ಮುಂಬೈಯ ಕರಾವಳಿ ರಸ್ತೆಯನ್ನೇ ನೋಡಿ. ವರಳಿಯ ಕೋಳಿ ಸಮುದಾಯದ ಮೀನುಗಾರರು, ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರವಿದ್ದರೆ ದೋಣಿಗಳು ಬಡಿದಾವು ಎಂದು ಹಟ ಹಿಡಿದರು. ಕೊನೆಗೆ ಒಂದು ಕಂಬವನ್ನೇ ಬಿಟ್ಟು 120 ಮೀಟರ್ ಮಾಡಿದರು. ರಸ್ತೆ ನಿಲ್ಲಲಿಲ್ಲ, ದೋಣಿಗೂ ದಾರಿಯಾಯಿತು.

ನನ್ನ ದೂರು ನಿಯಮದ ಮೇಲೆ. ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಗೆ 2013ರಲ್ಲಿ ಆದ ತಿದ್ದುಪಡಿಯ ನಂತರ, ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಿಸುವಾಗ ಉದ್ದ 100 ಕಿ.ಮೀ. ಮೀರಿ, ಹೆಚ್ಚುವರಿ ಜಾಗದ ಅಗಲ 40 ಮೀಟರ್ ದಾಟಿದರಷ್ಟೇ ಪರಿಸರ ಅನುಮತಿಯ ಮಾತು. ಗುಡ್ಡ ಕುಸಿಯಲು ನೂರು ಕಿಲೋಮೀಟರ್ ಬೇಕೇ? ನೂರು ಮೀಟರ್ ಸಾಕು.

ಸಾರ್ವಜನಿಕ ಆಲಿಕೆ, ಅಂದರೆ ಅನುಮತಿಗೆ ಮುನ್ನ ಜನರ ಅಹವಾಲು ಕೇಳುವ ಸಭೆ, ನಡೆಯುವ ಕಡೆಯಾದರೂ ಜನ ಹೋಗಬೇಕು. 30 ದಿನ ಮೊದಲೇ ಪ್ರಕಟಣೆ ಬರುತ್ತದೆ, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯ ಕೊನೆಗೆ ನಡಾವಳಿಯನ್ನು ಓದಿ ಹೇಳಬೇಕು. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಕೇಳಿ. ಪರಿಸರ ಅನುಮತಿ ಕೊಟ್ಟ ಮೇಲೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು ಇರುವುದು 30 ದಿನ, ತಕ್ಕ ಕಾರಣ ತೋರಿಸಿದರೆ ಮತ್ತೆ 60.

ಇಷ್ಟು ಕಳಕಳಿಯಿಂದ ಬರೆದ ನೀವೇ ಹೋಗಿ. ಯಾವ ಗುಡ್ಡವನ್ನು ಎಷ್ಟು ಎತ್ತರಕ್ಕೆ ಕಡಿಯುತ್ತಾರೆ, ಮೆಟ್ಟಿಲು ಎಷ್ಟು, ನೀರು ಎತ್ತ ಹೋಗುತ್ತದೆ ಎಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ಹಾಳೆಯಲ್ಲಿ ಆಸ್ಪತ್ರೆಯನ್ನೂ ಕೇಳಿ.

– ಸಂ.