ಜಾಝ್ ಕೇಳಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಪುಣ್ಯಾಶ್ರಮದ ಸಂಗೀತ ಕಾರ್ಯಕ್ರಮಗಳಲ್ಲಿ ಹಿಂದೂಸ್ತಾನಿ ಗಾಯನದ ಖ್ಯಾಲ್ ಕೇಳುತ್ತ ಬೆಳೆದವನು ನಾನು. ಈಚೆಗೆ ಮೊಬೈಲಿನಲ್ಲಿ ಜಾಝ್ ಕೇಳಲು ತೊಡಗಿದ್ದೇನೆ. ಆದರೆ ಒಂದೊಂದು ವಾದ್ಯವೂ ತನ್ನ ಪಾಡಿಗೆ ತಾನು ನುಡಿಯುತ್ತಿರುವಂತೆ ತೋರುತ್ತದೆ, ಎಲ್ಲಿಯೂ ಹಿಡಿತ ಸಿಗುತ್ತಿಲ್ಲ. ಇತಿಹಾಸದ ಕ್ರಮದಲ್ಲಿ ಹಳೆಯದರಿಂದ ಕೇಳುತ್ತ ಬರಬೇಕೇ?
– ಓದುಗರೊಬ್ಬರು, ಗದಗ

ಉತ್ತರ: ಆ ಕ್ರಮ ನಿಮಗೆ ಅಗತ್ಯವಿಲ್ಲ. 1920ರ ದಶಕದ ಮುದ್ರಿಕೆಗಳ ಒಂದು ಬದಿ ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ನಿಧಾನಗತಿಯ ವಿಲಂಬಿತದ ವಿಸ್ತಾರಕ್ಕೆ ಒಗ್ಗಿದ ಕಿವಿಗೆ ಅವು ಕುಳಿತು ಏಳುವಷ್ಟರಲ್ಲಿ ಮುಗಿದುಹೋಗುತ್ತವೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣಗೊಂಡ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ರಚನೆಯಾದ ‘ಸೋ ವಾಟ್’ ಅನ್ನು ತೆಗೆದುಕೊಂಡು, ಕೆಲವು ದಿನ ಅದೊಂದನ್ನೇ ಕೇಳಿ.

ಖ್ಯಾಲಿನಲ್ಲಿ ತಂಬೂರಿಯ ಷಡ್ಜ ಕೊನೆಯವರೆಗೂ ಕದಲುವುದಿಲ್ಲ. ಜಾಝಿನ ಬಹುಪಾಲು ರಚನೆಗಳಲ್ಲಾದರೋ ಪಿಯಾನೊ ಮತ್ತು ಬಾಸ್ (ಮಂದ್ರಸ್ವರದ ದೊಡ್ಡ ತಂತಿವಾದ್ಯ) ನುಡಿಸುವ ಆಧಾರದ ಸ್ವರಗುಚ್ಛ, ಅಂದರೆ ಕಾರ್ಡ್, ಕೆಲವೇ ಮಾತ್ರೆಗಳಿಗೊಮ್ಮೆ ಬದಲಾಗುತ್ತ ಹೋಗುತ್ತದೆ. ನಿಮ್ಮ ಹಿಡಿತ ತಪ್ಪುತ್ತಿರುವುದು ಬಹುಶಃ ಇಲ್ಲಿಯೇ. ‘ಸೋ ವಾಟ್’ನಲ್ಲಿ ಈ ಚಲನೆ ಬಹಳ ಕಡಿಮೆ, ಮೇಲಾಗಿ ಅದರ ಸ್ವರಗಳು ಕಾಫಿ ಥಾಟ್ ಎಂಬ ಸ್ವರಸಾಲಿನವೇ ಆಗಿವೆ (ಕಾಫಿ ರಾಗವನ್ನು ಮಾತ್ರ ಅಲ್ಲಿ ಹುಡುಕಬೇಡಿ, ನಿರಾಶೆಯಾದೀತು).

ಪಿಯಾನೊ ಮತ್ತು ಬಾಸ್ ಆರಂಭದಲ್ಲಿ ಲಯದ ಕಟ್ಟಿಲ್ಲದೆ ಸ್ವಲ್ಪ ನುಡಿದ ಮೇಲೆ, ಬಾಸ್ ಒಂದು ಸಾಲು ಹೇಳುತ್ತದೆ, ಉಳಿದವರು ಅದಕ್ಕೆ ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಅಲ್ಲಿಂದ ಕೈಯಲ್ಲಿ ಹದಿನಾರು ಮಾತ್ರೆಗಳ ತೀನ್‌ತಾಲ ಹಿಡಿಯಿರಿ. ತಾಲದ ನಾಲ್ಕು ಆವರ್ತನಗಳವರೆಗೆ ಆಧಾರ ಒಂದೇ ಸ್ಥಾನದಲ್ಲಿರುತ್ತದೆ, ಐದು ಮತ್ತು ಆರನೆಯ ಆವರ್ತನಗಳಲ್ಲಿ ಎಲ್ಲವೂ ಅರ್ಧ ಸ್ವರ ಮೇಲೇರುತ್ತದೆ, ಏಳು ಮತ್ತು ಎಂಟರಲ್ಲಿ ಮತ್ತೆ ಮೂಲಸ್ಥಾನಕ್ಕೆ ಇಳಿಯುತ್ತದೆ. ಈ 128 ಮಾತ್ರೆಗಳ ಸುತ್ತಿಗೆ ಅವರು ಕೋರಸ್ ಎನ್ನುತ್ತಾರೆ. ಡೇವಿಸ್ ಅವರ ಟ್ರಂಪೆಟ್, ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ ಅವರ ಸ್ಯಾಕ್ಸೊಫೋನ್‌ಗಳು, ಬಿಲ್ ಇವಾನ್ಸ್ ಅವರ ಪಿಯಾನೊ ಸರದಿಯ ಮೇಲೆ ಇದೇ ಸುತ್ತಿನೊಳಗೆ ಆ ಕ್ಷಣಕ್ಕೆ ಹುಟ್ಟಿದ್ದನ್ನು ನುಡಿಸುತ್ತವೆ. ಯಾರೂ ತಮ್ಮ ಪಾಡಿಗೆ ತಾವಿಲ್ಲ ಎಂಬುದು ಆ ಅರ್ಧ ಸ್ವರದ ಏರಿಳಿತ ಕಿವಿಗೆ ಸಿಕ್ಕ ದಿನವೇ ತಿಳಿಯುತ್ತದೆ. ವೇಗದ ಸ್ವರಸಾಲಾದ ತಾನ್ ಮುಗಿಸಿ, ತಾಲದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಕೂಡುವ ಸುಖವನ್ನು ಮಾತ್ರ ಇಲ್ಲಿ ನಿರೀಕ್ಷಿಸಬಾರದು. ಹೊಸ ಸುತ್ತು ಸದ್ದಿಲ್ಲದೆ ಆರಂಭವಾಗಿಬಿಡುತ್ತದೆ, ಡ್ರಮ್ಮಿನ ಒತ್ತು ಕೂಡ ನಾಲ್ಕು ಮಾತ್ರೆಗಳಲ್ಲಿ ಎರಡು ಮತ್ತು ನಾಲ್ಕನೆಯದರ ಮೇಲಿರುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಕೇಳುವುದನ್ನು ದಯವಿಟ್ಟು ಬಿಡಿ. ತಬಲಾದ ಠೇಕೆಯಂತೆ ಮಾತ್ರೆಗೊಂದು ಸ್ವರವಿಟ್ಟು ಸುತ್ತನ್ನು ಕಾಯುವುದು ಬಾಸ್, ಸಣ್ಣ ಸ್ಪೀಕರಿನಲ್ಲಿ ಕೇಳಿಸದೆ ಹೋಗುವುದೂ ಅದೇ. ಸಾಧಾರಣ ಇಯರ್‌ಫೋನ್ ಸಾಕು.

ಇದು ಪಳಗಿದ ಮೇಲೆ ಅದೇ ಆಲ್ಬಮ್ಮಿನ ‘ಫ್ರೆಡ್ಡಿ ಫ್ರೀಲೋಡರ್’ ಕೇಳಿ. ಅದು ಬ್ಲೂಸ್ ಎಂಬ 48 ಮಾತ್ರೆಗಳ ಕಟ್ಟಿನದು, ಸುತ್ತಿಗೆ ಮೂರೇ ಆವರ್ತನ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1928ರ ‘ವೆಸ್ಟ್ ಎಂಡ್ ಬ್ಲೂಸ್’ ಕೂಡ ಇದೇ ಕಟ್ಟಿನದಾದ್ದರಿಂದ, ಹಳೆಯದಕ್ಕೆ ಹೋಗಲು ಅದೇ ತಕ್ಕ ದಾರಿ. ಕೋಲ್ಟ್ರೇನ್ ಇಷ್ಟವಾದರೆಂದು ಅವರ 1965ರ ‘ಅಸೆನ್ಶನ್’ಗೆ ಕೈ ಹಾಕುವ ಅವಸರ ಸದ್ಯ ಬೇಡ, ಹನ್ನೊಂದು ಮಂದಿ ಕೂಡಿ ನುಡಿಸುವ ಅದರಲ್ಲಿ ಹೀಗೆ ಕೈಯಲ್ಲಿ ಎಣಿಸಿ ಹಿಡಿಯುವಂಥ ಸುತ್ತು ಸಿಗುವುದಿಲ್ಲ.